ಪುಕ್ಕಟೆ ಮನೆ ಖಾಲಿ ಮಾಡಿಕೊಡುವಲ್ಲಿ ಆಳಿನ ಕೂಲಿ ಕೊಡುವವರು ಯಾರು?

ಮಾನ್ಯ ಸಂಪಾದಕರೇ,

ದಾವಣಗೆರೆಯ ಹಳೇಪೇಟೆ, ಚೌಕಿಪೇಟೆ, ಮಂಡಿಪೇಟೆಗಳ ಹಳೆಯ ಮನೆಗಳು ಒಂದೊಂದಾಗಿ ಬಿಕರಿಯಾಗುತ್ತಿವೆ. ಹಿರಿಯರು ತೀರಿಕೊಂಡು, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆನಿಂತ ಮೇಲೆ, ಅಟ್ಟದ ಮೇಲಿನ ತಾಮ್ರದ ಹಂಡೆಯಿಂದ ಹಿತ್ತಲಿನ ತುಕ್ಕು ಹಿಡಿದ ಸೈಕಲ್ಲಿನವರೆಗೆ ಎಲ್ಲವನ್ನೂ ಒಂದೆರಡು ದಿನಗಳಲ್ಲಿ ಸಾಗಿಸಿ ಮನೆ ಬರಿದು ಮಾಡಿಕೊಡುವವರ ಅಗತ್ಯ ಬೀಳುತ್ತದೆ. ಗುಜರಿ ಅಂಗಡಿಯವರು, ಹಳೇ ಮರಮುಟ್ಟು ಕೊಳ್ಳುವವರು, ಲಗೇಜ್ ಆಟೊ ಇಟ್ಟುಕೊಂಡ ಮೇಸ್ತ್ರಿಗಳು ಈ ಕೆಲಸ ಮಾಡುತ್ತಾರೆ. ಊರಿಗೆ ಬೇಕಾದ ವ್ಯಾಪಾರವೇ ಇದು. ಆದರೆ ಇದರಲ್ಲಿ ಹೊರೆ ಹೊರುವ ಆಳುಗಳ ಪೈಕಿ ಕೆಲವರಾದರೂ ಮುಂಗಡದ ಸಾಲಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದಾರೆಂಬ ಬಲವಾದ ಅನುಮಾನ ನನಗಿದೆ, ಮತ್ತು ಅದನ್ನು ಎಲ್ಲರಿಗಿಂತ ಮೊದಲು ಕಾಣಬಲ್ಲವರು ಮನೆ ಖಾಲಿ ಮಾಡಿಸುವ ನಾವೇ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಮೊದಲು ವ್ಯಾಪಾರದ ಲೆಕ್ಕ ನೋಡೋಣ. ತೇಗದ ಬಾಗಿಲು, ಕಂಬ, ತೊಲೆ, ಹಿತ್ತಾಳೆ ಪಾತ್ರೆ ಹೆಚ್ಚಾಗಿರುವ ಮನೆಯಾದರೆ ಗುತ್ತಿಗೆದಾರನೇ ಮನೆಯವರಿಗೆ ಹಣ ಕೊಡುತ್ತಾನೆ. ಹರಿದ ಹಾಸಿಗೆ, ಗೆದ್ದಲು ತಿಂದ ಕಪಾಟು, ಕೆಟ್ಟ ಟಿ.ವಿ. ಮಾತ್ರ ಇದ್ದರೆ ಮನೆಯವರೇ ಕೊಡಬೇಕಾಗುತ್ತದೆ. ಇವೆರಡರ ನಡುವಿನ ಮನೆಗಳೇ ಹೆಚ್ಚು. ಅಲ್ಲಿ ‘ಸಾಮಾನು ನಮಗೆ ಬಿಡ್ರಿ, ಪುಕ್ಕಟೆ ಖಾಲಿ ಮಾಡಿಕೊಡ್ತೀವಿ’ ಎಂಬ ಮಾತಿಗೆ ವ್ಯವಹಾರ ಕುದುರುತ್ತದೆ. ಮನೆಯವರಿಗೆ ಇದು ಸಲೀಸು. ಆದರೆ ಮಹಡಿಯಿಂದ ಬೀರು, ಮಂಚ, ಒರಳುಕಲ್ಲು ಇಳಿಸಿದ ಆಳಿಗೆ ಅಂದೇ ಸಂಜೆ ಕೂಲಿ ಸಲ್ಲಬೇಕು, ಸಾಮಾನು ಮಾರಾಟವಾಗಿ ದುಡ್ಡು ಕೈಗೆ ಬರುವುದೋ ವಾರಗಳು ಕಳೆದ ಮೇಲೆ. ಡೀಸೆಲ್ ಕಡ ಹುಟ್ಟುವುದಿಲ್ಲ, ಗೋದಾಮಿನ ಬಾಡಿಗೆ ತಪ್ಪುವುದಿಲ್ಲ, ಹಳೇ ಕಬ್ಬಿಣದ ದರ ಗುತ್ತಿಗೆದಾರನ ಕೈಯಲ್ಲಿಲ್ಲ. ಹಿಂದೆ ಮುಂದೆ ಮಾಡಲು ಅವನಿಗೆ ಉಳಿಯುವುದು ಕೂಲಿಯೊಂದೇ.

ಕೂಲಿ ತಡವಾದರೂ ಎದ್ದುಹೋಗದ ಆಳು ಬೇಕೆಂದರೆ ಮುಂಗಡ ಕೊಟ್ಟು ಕರೆತರಬೇಕು. ಜಗಳೂರು, ಮೊಳಕಾಲ್ಮುರು ಕಡೆ ಮಳೆ ಕೈಕೊಟ್ಟ ವರ್ಷ ಮದುವೆಗೋ ಆಸ್ಪತ್ರೆಗೋ ಬತ್ತಿದ ಕೊಳವೆಬಾವಿಯ ಸಾಲಕ್ಕೋ ಹಣ ಬೇಕಾದವರಿಗೆ ಬ್ಯಾಂಕಿಗಿಂತ ಮೇಸ್ತ್ರಿಯೇ ಹತ್ತಿರದವನು. ಲೆಕ್ಕದ ಪುಸ್ತಕ ಅವನದೇ, ಬರೆಯುವವನೂ ಅವನೇ. ಊಟ, ಬೀಡಿ, ಜ್ವರದ ಮಾತ್ರೆ, ಒಡೆದುಹೋದ ಗಾಜಿನ ಬೆಲೆ ಎಲ್ಲವೂ ಆ ಪುಸ್ತಕಕ್ಕೇ ಏರುವುದರಿಂದ ವರ್ಷ ದುಡಿದರೂ ಬಾಕಿ ತೀರುವುದಿಲ್ಲ. ರಾತ್ರಿ ಮಲಗುವುದು ಗುಜರಿ ಗೋದಾಮಿನಲ್ಲೇ ಆದರೆ, ಮಾಲಿಗೆ ಹಾಕಿದ ಬೀಗವೇ ಮನುಷ್ಯನಿಗೂ ಹಾಕಿದಂತಾಗುತ್ತದೆ.

ನಮ್ಮ ಸಂಬಂಧಿಕರ ಮನೆಯೊಂದನ್ನು ಈಚೆಗೆ ಖಾಲಿ ಮಾಡಿಸುವಾಗ ನಾನು ಅಲ್ಲಿದ್ದೆ. ಗೋದ್ರೆಜ್ ಬೀರುವನ್ನು ಬೆನ್ನಿಗೆ ಹಗ್ಗ ಕಟ್ಟಿಕೊಂಡು ಕಿರಿದಾದ ಮೆಟ್ಟಿಲಿನಲ್ಲಿ ಇಳಿಸಿದ ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಮನೆಯವರು ನೂರು ರೂಪಾಯಿ ಕೊಡಹೋದರೆ, ಅವನು ಕೈ ಚಾಚದೆ ಮೇಸ್ತ್ರಿಯ ಮುಖ ನೋಡಿದ. ‘ನನ್ ಕೈಲಿ ಕೊಡ್ರಿ, ಅವನ ಲೆಕ್ಕಕ್ಕೆ ಬರಕೊಳ್ತೀನಿ’ ಎಂದು ಮೇಸ್ತ್ರಿ ನೋಟನ್ನು ಜೇಬಿಗಿಳಿಸಿದ. ಅದೇ ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕೈದು ಆಧಾರ್ ಕಾರ್ಡುಗಳಿದ್ದವು. ಏಕೆಂದು ಕೇಳಿದ್ದಕ್ಕೆ ‘ಕಳಕೊಂಡುಬಿಡ್ತಾರೆ ಸಾರ್’ ಎಂಬ ಉತ್ತರ ಬಂತು. ಇಷ್ಟರಿಂದಲೇ ಅವನು ಜೀತದಾಳು ಎಂದು ತೀರ್ಮಾನಿಸಲಾಗದು, ನಿಜ. ಆದರೆ ಭಕ್ಷೀಸು ಕೂಡ ಸ್ವಂತದ್ದಾಗದ, ತನ್ನ ಗುರುತಿನ ಚೀಟಿ ತನ್ನ ಬಳಿ ಇಲ್ಲದ ಆಳು ನಾಳೆ ಬೇರೆ ಕಡೆ ಕೆಲಸಕ್ಕೆ ಹೋಗಬಲ್ಲನೇ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಕಾನೂನು ಕೇಳುವುದೂ ಇದನ್ನೇ. 1976ರ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಕಾಯ್ದೆಯ ಪ್ರಕಾರ ಮುಂಗಡ ಕೊಟ್ಟ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಆ ಮುಂಗಡದ ಕಾರಣಕ್ಕೆ ಬೇರೆ ಕೆಲಸ ಹಿಡಿಯುವ, ಊರಿಗೆ ಹೋಗಿಬರುವ ಅಥವಾ ಪೇಟೆಯ ದರಕ್ಕೆ ದುಡಿಯುವ ಸ್ವಾತಂತ್ರ್ಯ ತಪ್ಪಿಹೋದರೆ ಅದು ಜೀತ. ಜೀತದ ಸಾಲ ಈ ಕಾಯ್ದೆಯಿಂದ ತಾನಾಗಿ ರದ್ದಾಗುತ್ತದೆ. ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ 1982ರಲ್ಲೇ ಹೇಳಿದೆ. ಇಷ್ಟಾಗಿಯೂ ತಪ್ಪಿತಸ್ಥನಿಗೆ ಕಾಯ್ದೆ ವಿಧಿಸುವ ದಂಡ ಇಂದಿಗೂ ಹೆಚ್ಚೆಂದರೆ 2,000 ರೂಪಾಯಿ. ಮೂರು ವರ್ಷಗಳವರೆಗಿನ ಜೈಲು ಶಿಕ್ಷೆಯ ಅವಕಾಶವೊಂದಿಲ್ಲದಿದ್ದರೆ ಅದನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ.

ಕಾಯ್ದೆ ಜಾರಿಯಾಗುತ್ತಿದೆಯೇ ಎಂದು ನೋಡಿಕೊಳ್ಳಲು ಜಿಲ್ಲೆ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತಿ ಸಮಿತಿಗಳಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಜೀತವೆಂದರೆ ಇಟ್ಟಿಗೆ ಭಟ್ಟಿ, ಕಲ್ಲು ಕ್ವಾರಿ, ಹೊಲಮನೆಯ ಆಳು ಎಂದೇ ನಮ್ಮೆಲ್ಲರ ಮನಸ್ಸಿನಲ್ಲಿ ಕೂತಿರುವುದರಿಂದ ಪೇಟೆಯ ನಡುವಿನ ಈ ಕೆಲಸದ ಕಡೆ ಯಾರ ಗಮನವೂ ಹರಿಯುವುದಿಲ್ಲ. ಭಟ್ಟಿ ಒಂದೇ ಕಡೆ ಇರುತ್ತದೆ, ತನಿಖೆಗೆ ಹೋಗಬಹುದು. ಇವರು ಇಂದು ಪಿ.ಜೆ. ಬಡಾವಣೆಯಲ್ಲಿದ್ದರೆ ನಾಳೆ ಹರಿಹರದಲ್ಲಿ, ನಾಡಿದ್ದು ಚಿತ್ರದುರ್ಗದಲ್ಲಿ. ಹೊರಗಿನವರೊಬ್ಬರು ಇವರ ಜೊತೆ ಇಡೀ ದಿನ ಕಳೆಯುವುದೆಂದರೆ ಅದು ಮನೆಯ ಯಜಮಾನರು ಮಾತ್ರ. ಆದ್ದರಿಂದ ಒಪ್ಪಂದದ ದಿನವೇ ಆಳಿಗೆ ಎಷ್ಟು ಕೂಲಿ, ಯಾವಾಗ ಬಟವಾಡೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆಳಿನೊಂದಿಗೆ ಮೇಸ್ತ್ರಿ ಇಲ್ಲದಾಗ, ನೀರು ಕೊಡುವ ನೆಪದಲ್ಲಿ, ಊರು ಯಾವುದು, ಹಬ್ಬಕ್ಕೆ ಹೋಗಿದ್ದೆಯಾ ಎಂದು ವಿಚಾರಿಸಬಹುದು. ಅನುಮಾನ ಬಂದರೆ ಅಲ್ಲಿಯೇ ಜಗಳ ತೆಗೆಯುವುದು ಬೇಡ, ಅದರ ಪೆಟ್ಟು ಆಳಿಗೇ ಬೀಳುತ್ತದೆ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ತಿಳಿಸುವುದು ಸರಿ. ಮಕ್ಕಳು ದುಡಿಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರಾಯಿತು.

ಅಧಿಕಾರಿಗಳಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ದಾಳಿ ಮಾಡಿ, ಆಳುಗಳಿಗೆ ಬಸ್ ಚಾರ್ಜು ಕೊಟ್ಟು ಊರಿಗೆ ಕಳಿಸಿಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಬಿಡುಗಡೆ ಪ್ರಮಾಣಪತ್ರ ಕೈಯಲ್ಲಿಲ್ಲದ ಆಳಿನ ಮನೆ ಬಾಗಿಲಿಗೆ ಮೇಸ್ತ್ರಿ ವಾರದೊಳಗೆ ಬಾಕಿ ಕೇಳಿಕೊಂಡು ಬರುತ್ತಾನೆ, ಮುಂಗಡ ಪಡೆದ ಅಪ್ಪನೇ ಮಗನನ್ನು ತಿರುಗಿ ಕಳಿಸುತ್ತಾನೆ. ಕೇಂದ್ರದ ಪುನರ್ವಸತಿ ಯೋಜನೆಯಡಿ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ ರೂಪಾಯಿಯ ನೆರವು ಉಂಟು. ಆ ದಾರಿ ತೆರೆಯುವುದೂ ಜೀತದಿಂದ ಬಿಡುಗಡೆಯಾದದ್ದು ದಾಖಲೆಯಲ್ಲಿದ್ದರೆ ಮಾತ್ರ.

ಬ್ರಿಟನ್ನಿನಲ್ಲಿ 2015ರ ಕಾಯ್ದೆಯಂತೆ ವಾರ್ಷಿಕ ವಹಿವಾಟು 3.6 ಕೋಟಿ ಪೌಂಡ್ ಮುಟ್ಟಿದ ಸಂಸ್ಥೆಗಳು ತಮ್ಮಲ್ಲಿ ಗುಲಾಮಗಿರಿ ನುಸುಳದಂತೆ ಏನು ಮಾಡಿದ್ದೇವೆಂದು ಪ್ರತಿ ವರ್ಷ ಪ್ರಕಟಿಸಬೇಕು. ಬಾಧ್ಯತೆ ಇಲ್ಲದ ಸಣ್ಣ ಸಂಸ್ಥೆಗಳಲ್ಲೂ ಕೆಲವು ತಾವಾಗಿಯೇ ಪ್ರಕಟಿಸುವುದುಂಟು. ಬರೀ ಹೇಳಿಕೆಯಿಂದ ನಮ್ಮಲ್ಲಿ ಆಗುವುದು ಅಷ್ಟರಲ್ಲೇ ಇದೆ. ಅದರ ಬದಲು ಮಹಾನಗರ ಪಾಲಿಕೆ ಗುಜರಿ ಗೋದಾಮುಗಳ ಉದ್ದಿಮೆ ಪರವಾನಗಿ ನವೀಕರಿಸುವಾಗ ಆಳುಗಳ ಪಟ್ಟಿ, ಕೂಲಿಯನ್ನು ಅವರವರ ಖಾತೆಗೇ ಹಾಕಿದ ದಾಖಲೆ, ಮಲಗುವ ಜಾಗದ ವಿವರ ಕೇಳಲಿ. ಹಮಾಲರಿಗೂ ಚಿಂದಿ ಆಯುವವರಿಗೂ ಕಾರ್ಮಿಕ ಇಲಾಖೆಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ನೋಂದಣಿಗೆ ಅವಕಾಶವಿದೆ; ಈ ಆಳುಗಳನ್ನೂ ಹುಡುಕಿ ಅದರಲ್ಲಿ ಸೇರಿಸಬಹುದು. ನ್ಯಾಯವಾಗಿ ಕೂಲಿ ಕೊಡುವ ಗುತ್ತಿಗೆದಾರರು ನಮ್ಮಲ್ಲಿ ಇಲ್ಲವೆಂದಲ್ಲ, ಇದ್ದಾರೆ. ‘ಪುಕ್ಕಟೆ’ ಎನ್ನುವವನ ಎದುರು ದರ ಹೇಳಿ ಗಿರಾಕಿ ಕಳೆದುಕೊಳ್ಳುತ್ತಿರುವವರು ಅವರೇ. ಇಂಥ ನಿಯಮವನ್ನು ಅವರು ವಿರೋಧಿಸಲಾರರು.

ಜಿಲ್ಲಾ ಜಾಗೃತಿ ಸಮಿತಿ ತನ್ನ ಮುಂದಿನ ಸಭೆಯಲ್ಲಿ ಗುಜರಿ ಗೋದಾಮುಗಳ ತಪಾಸಣೆಯನ್ನು ಕಾರ್ಯಸೂಚಿಗೆ ಸೇರಿಸಬೇಕು, ಮತ್ತು ಅಲ್ಲಿ ಕೈಗೊಂಡ ತೀರ್ಮಾನಗಳನ್ನು ಪತ್ರಿಕೆಗಳಿಗೆ ಬಿಡುಗಡೆ ಮಾಡಬೇಕೆಂದು ಜಿಲ್ಲಾಧಿಕಾರಿಗಳನ್ನು ಕೋರುತ್ತೇನೆ.

ಇಂತಿ,
ಪಿ.ಜೆ. ಬಡಾವಣೆಯ ಓದುಗ
ದಾವಣಗೆರೆ