ಮಜ್ಜಿಗೆ ಹುಲ್ಲನ್ನು ಮಜ್ಜಿಗೆ ಹುಲ್ಲು ಅಂತಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಕಾಂಬೋಡಿಯಾದ ಬೀದಿ ಸ್ಯಾಂಡ್‌ವಿಚ್ ‘ನುಮ್ ಪಾಂಗ್’ ಮಾಡುವುದು ಹೇಗೆ ಅಂತ ಬಂದಿತ್ತು. ನೋಡಿ ತುಂಬಾ ಖುಷಿಯಾಯಿತು. ನನ್ನ ಅಕ್ಕನ ಮಗ ಆ ದೇಶದ ರಾಜಧಾನಿ ನೋಮ್ ಪೆನ್‌ನಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಬೆಳಗ್ಗೆ ಡ್ಯೂಟಿಗೆ ಹೋಗುವ ದಾರಿಯಲ್ಲಿ ಗಾಡಿಯ ಹತ್ತಿರ ನಿಂತು ಇದನ್ನೇ ತಿನ್ನುವುದು. ಫೋನ್ ಮಾಡಿದಾಗಲೆಲ್ಲ ‘ಚಿಕ್ಕಮ್ಮ, ನೀವು ಒಂದ್ಸಲ ಮಾಡಿ ನೋಡಿ’ ಅನ್ನುತ್ತಿದ್ದ. ಸರಿ, ಪೇಪರಲ್ಲೇ ಬಂದಿದೆಯಲ್ಲ ಅಂತ ಚೀಟಿ ಬರೆದುಕೊಂಡು ಪೇಟೆಗೆ ಹೊರಟೆ.

ಚೀಟಿಯಲ್ಲಿ ಇದ್ದದ್ದು ಲೆಮನ್ ಗ್ರಾಸ್, ಗಲಾಂಗಲ್, ಫ್ರೆಶ್ ಟರ್ಮರಿಕ್, ಗ್ರೀನ್ ಪಪಾಯ, ಬ್ಯಾಗೆಟ್. ನಿಮ್ಮ ಪುರವಣಿಯಲ್ಲಿ ಇದ್ದ ಹಾಗೇ ಬರೆದುಕೊಂಡಿದ್ದೆ. ಮಾರ್ಕೆಟ್ಟಿನಲ್ಲಿ ಸೊಪ್ಪಿನವರನ್ನು ಕೇಳಿದೆ, ಗೊತ್ತಿಲ್ಲ ಅಂದರು. ಮೂರು ಸೂಪರ್ ಮಾರ್ಕೆಟ್ ಸುತ್ತಿದೆ. ಕೊನೆಗೆ ಒಂದು ಕಡೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಲೆಮನ್ ಗ್ರಾಸಿನ ಬಾಡಿದ ನಾಲ್ಕು ಕಡ್ಡಿ ಸಿಕ್ಕವು, 80 ರೂಪಾಯಿ. ಮನೆಗೆ ತಂದು ಪೊಟ್ಟಣ ಬಿಚ್ಚಿದರೆ ನಮ್ಮ ಅತ್ತೆ ಮೂಸಿ ನೋಡಿ, ‘ಇದು ಮಜ್ಜಿಗೆ ಹುಲ್ಲು ಕಣಮ್ಮಾ, ಬಚ್ಚಲ ನೀರು ಹೋಗೋ ಕಡೆ ಬೆಳೆದು ನಿಂತಿದೆಯಲ್ಲ’ ಅಂದರು. ಹೋಗಿ ನೋಡಿದೆ. ಅದೇ. ನನ್ನ ಮೊಣಕಾಲಿಗಿಂತ ಎತ್ತರಕ್ಕೆ ಬೆಳೆದಿದೆ.

ನನಗೆ ನಿಜಕ್ಕೂ ಬೇಜಾರಾಯಿತು. ದುಡ್ಡಿನ ಮಾತಲ್ಲ. ಮನೆ ಹಿತ್ತಲಲ್ಲೇ ಇರುವ ಗಿಡ ಕನ್ನಡ ಪತ್ರಿಕೆಯಲ್ಲಿ ನನಗೆ ಗುರುತು ಸಿಗಲಿಲ್ಲ, ಅದಕ್ಕೆ. ಫ್ರೆಶ್ ಟರ್ಮರಿಕ್ ಅಂದರೆ ಹಸಿ ಅರಿಶಿನ. ಗ್ರೀನ್ ಪಪಾಯ ಅಂದರೆ ಪರಂಗಿ ಕಾಯಿ. ಗಲಾಂಗಲ್ ಅಂದರೆ ದುಂಪರಾಸ್ಮಿ, ಒಣಗಿದ್ದು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ, ಬಾಣಂತಿ ಮದ್ದಿಗೆ ತರುತ್ತಾರೆ. ಇಷ್ಟು ಬರೆದಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲಾ ಸೇರುತ್ತಿತ್ತು ಅಲ್ವಾ?

ಇನ್ನೊಂದು ವಿಷಯ ಹೇಳಬೇಕು. ಆ ತಿಂಡಿಯ ಹೆಸರನ್ನೇ ನೋಡಿ. ಕಾಂಬೋಡಿಯಾದಲ್ಲಿ ಗೋಧಿ ಬೆಳೆಯುವುದಿಲ್ಲ, ಅವರದು ಅನ್ನದ ನಾಡು. 1863ರಿಂದ 1953ರವರೆಗೆ ಫ್ರೆಂಚರ ಕೈಕೆಳಗೆ ಇದ್ದಾಗ ಬ್ಯಾಗೆಟ್ ಅನ್ನುವ ಉದ್ದನೆಯ ಗಟ್ಟಿ ಬ್ರೆಡ್ಡು ಅಲ್ಲಿಗೆ ಬಂತು. ಫ್ರೆಂಚಿನಲ್ಲಿ ಬ್ರೆಡ್ಡಿಗೆ ‘ಪ್ಯಾಂ’ ಅನ್ನುತ್ತಾರೆ. ಅವರು ಅದನ್ನು ‘ಪಾಂಗ್’ ಮಾಡಿಕೊಂಡು, ಮುಂದೆ ತಮ್ಮ ಖ್ಮೇರ್ ಭಾಷೆಯ ‘ನುಮ್’ ಸೇರಿಸಿದರು. ಕಡುಬು, ಕೇಕು, ಸಿಹಿ ತಿಂಡಿ ಎಲ್ಲಕ್ಕೂ ಅವರಲ್ಲಿ ನುಮ್ ಅಂತಲೇ ಹೆಸರು. ನಮ್ಮ ‘ಪಾವ್’ ಕೂಡ ಪೋರ್ಚುಗೀಸರಿಂದ ಬಂದ ಮಾತು. ಪ್ಯಾಂ, ಪಾವ್ ಎರಡಕ್ಕೂ ಬೇರು ಒಂದೇ, ಲ್ಯಾಟಿನ್ನಿನದು. ಪಪ್ಪಾಯಿ ಹೊರಗಿನಿಂದ ಬಂದಾಗ ನಮ್ಮ ಹಿರಿಯರೂ ಸುಮ್ನೆ ಕೂರಲಿಲ್ಲ, ಪರಂಗಿಯವರು ತಂದದ್ದು ಅಂತ ‘ಪರಂಗಿ’ ಅಂದರು. ಹೊರಗಿನದಕ್ಕೇ ಹೆಸರಿಟ್ಟ ಭಾಷೆ ನಮ್ಮದು. ಹಿತ್ತಲಿನ ಹುಲ್ಲಿಗೆ ಮೊದಲೇ ಇರುವ ಹೆಸರನ್ನು ನಾವು ಬಿಡುವುದು ಯಾಕೆ?

ಈಗ ಅಡುಗೆಯ ವಿಷಯ. ನಾನು ನಾಲ್ಕು ಸಲ ಮಾಡಿದ್ದೇನೆ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಲ್ಲಿನ ಗಾಡಿಯವರು ಬ್ರೆಡ್ಡನ್ನು ಇದ್ದಿಲ ಒಲೆಯ ಮೇಲೆ ಬೆಚ್ಚಗೆ ಮಾಡಿ, ಉದ್ದಕ್ಕೆ ಸೀಳಿ, ಒಳಗೆ ಬೆಣ್ಣೆಯನ್ನೋ ಮೇಯನೇಸನ್ನೋ ಸವರಿ, ಲಿವರ್ ಅರೆದು ಮಾಡಿದ ಪಾಟೆ ಮತ್ತು ಹಂದಿ ಮಾಂಸದ ಬಿಲ್ಲೆಗಳನ್ನು ಇಡುತ್ತಾರೆ. ಇನ್ನೊಂದು ಬಗೆಯಲ್ಲಿ ಮಸಾಲೆ ಹಚ್ಚಿ ಕಡ್ಡಿಗೆ ಚುಚ್ಚಿ ಸುಟ್ಟ ದನದ ಮಾಂಸ. ನಮ್ಮ ಮನೆಯಲ್ಲಿ ಅವೆರಡೂ ಇಲ್ಲ. ನಾನು ಕೋಳಿ ಹಾಕುತ್ತೇನೆ, ಅತ್ತೆಗೆ ಅಣಬೆ. ರುಚಿ ಕೊಡುವುದು ಮಸಾಲೆ. ಅದಕ್ಕೆ ಅವರು ‘ಕ್ರಿಯಂಗ್’ ಅನ್ನುತ್ತಾರೆ. ಮಜ್ಜಿಗೆ ಹುಲ್ಲಿನ ಬುಡದ ಬಿಳಿ ಭಾಗ ನಾಲ್ಕು ಕಡ್ಡಿಯದು, ಬೆರಳುದ್ದ ಹಸಿ ಅರಿಶಿನ, ಆರು ಎಸಳು ಬೆಳ್ಳುಳ್ಳಿ, ಐದಾರು ಸಾಂಬಾರ್ ಈರುಳ್ಳಿ, ಒಂದು ತುಂಡು ದುಂಪರಾಸ್ಮಿ. ಒಣಗಿದ್ದಾದರೆ ಬಿಸಿನೀರಲ್ಲಿ ನೆನೆಸಬೇಕು. ಅವರು ಒಂದು ಜಾತಿಯ ನಿಂಬೆಯ ಎಲೆಯನ್ನೂ ಹಾಕುತ್ತಾರೆ. ನಾನು ನಮ್ಮ ನಿಂಬೆ ಗಿಡದ ಎಳೆ ಎಲೆ ನಾಲ್ಕು ಹಾಕುತ್ತೇನೆ, ಅದೇ ಪರಿಮಳ ಬರುವುದಿಲ್ಲ, ಆದರೂ ಚೆನ್ನಾಗಿರುತ್ತದೆ. ಹುಲ್ಲನ್ನು ಮೊದಲು ಅಡ್ಡಡ್ಡ ಸಣ್ಣಗೆ ಹೆಚ್ಚಿ ಆಮೇಲೆ ರುಬ್ಬಿ. ಇಲ್ಲದಿದ್ದರೆ ನಾರು ಉಳಿದು ಹಲ್ಲಿಗೆ ಸಿಕ್ಕುತ್ತದೆ, ಮೊದಲ ಸಲ ನನಗೆ ಹಾಗೇ ಆಯಿತು. ಇದಕ್ಕೆ ಎರಡು ಚಮಚ ಸೋಯಾ ಸಾಸ್, ಒಂದು ಚಮಚ ಬೆಲ್ಲ, ಉಪ್ಪು, ಕಾಳುಮೆಣಸು ಸೇರಿಸಿ ಅರ್ಧ ಕೆಜಿ ಕೋಳಿಗೆ ಹಚ್ಚಿ ಎರಡು ಗಂಟೆ ಬಿಟ್ಟು, ಕಾವಲಿ ಮೇಲೆ ಅಂಚು ಸ್ವಲ್ಪ ಕಪ್ಪಾಗುವವರೆಗೆ ಬೇಯಿಸಿ. ಅಲ್ಲಿನ ಕಂಪೋಟ್ ಎಂಬ ಊರಿನ ಕಾಳುಮೆಣಸು ಬಹಳ ಹೆಸರಾದದ್ದು, 2010ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ನಮಗೆ ಮಲೆನಾಡಿನದು ಸಾಕು.

ಪರಂಗಿ ಕಾಯಿಗೆ ಮೊದಲು ಉದ್ದುದ್ದ ಗೀರು ಹಾಕಿ ನೀರಲ್ಲಿಟ್ಟು ಹಾಲು ಇಳಿಸಿ. ಅದನ್ನೂ ಎರಡು ಗಜ್ಜರಿಯನ್ನೂ ತುರಿದು, ಉಪ್ಪು ಬೆರೆಸಿ, ಇಪ್ಪತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡಬೇಕು. ಹಿಂಡುವುದನ್ನು ನಿಮ್ಮ ಪುರವಣಿಯಲ್ಲಿ ಬರೆದೇ ಇರಲಿಲ್ಲ. ಹಿಂಡದಿದ್ದರೆ ನೀರು ಬಿಟ್ಟು ಬ್ರೆಡ್ಡು ಒದ್ದೆಯಾಗುತ್ತದೆ. ಆಮೇಲೆ ಅರ್ಧ ಲೋಟ ವಿನೆಗರ್, ಮೂರು ಚಮಚ ಸಕ್ಕರೆ, ಒಂದು ಗಂಟೆ.

ಬ್ರೆಡ್ಡು ಮಾತ್ರ ಕಷ್ಟ. ನಮ್ಮ ಬೇಕರಿಗಳಲ್ಲಿ ಸಿಗುವ ಬನ್ನು, ಬ್ರೆಡ್ಡು ಎಲ್ಲಾ ಮೆತ್ತಗೆ, ಸಿಹಿ. ಪಾವ್ ತಂದೆ, ಕೈಯಲ್ಲೇ ನೆಂದು ಹರಿಯಿತು. ಈ ತಿಂಡಿಗೆ ಹೊರಗೆ ಗರಿಗರಿ, ಒಳಗೆ ಹಗುರ ಇರಬೇಕು. ಕೊನೆಗೆ ಮನೆಯಲ್ಲೇ ಮಾಡಿದೆ. ಅರ್ಧ ಕೆಜಿ ಮೈದಾ, 325 ಎಂಎಲ್ ನೀರು, ಎರಡು ಚಮಚ ಉಪ್ಪು, ಒಂದೂವರೆ ಚಮಚ ಈಸ್ಟ್. ಸಕ್ಕರೆ, ಎಣ್ಣೆ ಏನೂ ಇಲ್ಲ. ಚಮಚ ಅಂದರೆ ಟೀ ಚಮಚ. ಹಿಟ್ಟು ಎರಡರಷ್ಟು ಉಬ್ಬಿದ ಮೇಲೆ ಗೇಣುದ್ದ ಹೊಸೆದು, ಮತ್ತೆ ಮುಕ್ಕಾಲು ಗಂಟೆ ಬಿಟ್ಟು, ಮೇಲೆ ಗೀರು ಹಾಕಿ, 230 ಡಿಗ್ರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಓವನ್ನಿನ ಕೆಳಗಿನ ತಟ್ಟೆಯಲ್ಲಿ ಕುದಿಯುವ ನೀರು ಇಡುವುದನ್ನು ಮರೆಯಬೇಡಿ. ಹಬೆ ಇದ್ದರೆ ಮೇಲ್ಪದರ ಬೇಗ ಒಣಗದೆ ಬ್ರೆಡ್ಡು ಚೆನ್ನಾಗಿ ಉಬ್ಬುತ್ತದೆ, ಆಮೇಲೆ ತೆಳ್ಳಗೆ ಗರಿಯಾಗುತ್ತದೆ. ನಮ್ಮೂರಿನ ಬೇಕರಿಯವರು ಯಾರಾದರೂ ಇದನ್ನು ಓದಿದರೆ, ವಾರಕ್ಕೊಂದು ದಿನ ಇಂಥದ್ದು ಹಾಕಿ. ಕೊಳ್ಳಲು ನಾನಂತೂ ಬರುತ್ತೇನೆ.

ಮೇಯನೇಸ್ ಬದಲು ನಾನು ಬೆಣ್ಣೆ ಹಚ್ಚಿದೆ. ದಾವಣಗೆರೆಯಲ್ಲಿ ಕೂತು ಬಾಟಲಿ ಮೇಯನೇಸ್ ಯಾಕೆ? ಬೆಣ್ಣೆ, ಕೋಳಿ, ಪರಂಗಿ ಉಪ್ಪಿನಕಾಯಿ, ಸೌತೆಕಾಯಿ, ಕೊತ್ತಂಬರಿ, ಸೀಳಿದ ಹಸಿಮೆಣಸಿನಕಾಯಿ. ಮಿರ್ಚಿ ಮಂಡಕ್ಕಿ ಬಿಟ್ಟು ಬೇರೇನೂ ಬೇಡ ಅನ್ನುವ ನಮ್ಮ ಯಜಮಾನರು ಎರಡು ತಿಂದರು.

ನನ್ನ ಕೋರಿಕೆ ಇಷ್ಟೇ. ಅದೇ ಅಡುಗೆಯನ್ನು ಇನ್ನೊಮ್ಮೆ ಹಾಕಿ, ಸಾಮಾನಿಗೆಲ್ಲ ಕನ್ನಡದ ಹೆಸರು ಕೊಟ್ಟು, ನಮ್ಮ ಕಡೆ ಎಲ್ಲಿ ಸಿಗುತ್ತದೆ ಅಂತಲೂ ಬರೆಯಿರಿ. ಬ್ಯಾಗೆಟ್‌ಗೆ ಕನ್ನಡ ಇಲ್ಲ, ಅದು ಹಾಗೇ ಇರಲಿ. ಮಜ್ಜಿಗೆ ಹುಲ್ಲು ಹಿತ್ತಲಲ್ಲಿ ಇಲ್ಲದವರು ಅಕ್ಕಪಕ್ಕದಲ್ಲಿ ಕೇಳಿ, ಬುಡ ಸಮೇತ ಒಂದು ಕಡ್ಡಿ ಕಿತ್ತು ಲೋಟದ ನೀರಲ್ಲಿ ಇಡಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ, ಆಗ ಮಣ್ಣಿಗೆ ಹಾಕಬಹುದು.

ಇಂತಿ,
ನಿಮ್ಮ ಓದುಗಳು
ನಿಟುವಳ್ಳಿ, ದಾವಣಗೆರೆ