‘ನೀರು ಹಾಕ್ಕೊಂಡು ಬಾ’ ಅನ್ನುವ ಮುಂಚೆ

ಮಾನ್ಯ ಸಂಪಾದಕರೇ,

ನಾನು ನವಿ ಮುಂಬಯಿಯ ಕಳಂಬೋಲಿಯಲ್ಲಿ 19 ವರ್ಷದಿಂದ ಲಾರಿ ಗ್ಯಾರೇಜ್ ನಡೆಸುತ್ತಿದ್ದೇನೆ. ಊರು ವಿಜಯಪುರದ ಇಂಡಿ ಕಡೆ. ಸ್ಟೀಲ್ ಮಾರ್ಕೆಟ್‌ನಲ್ಲಿ ಲೋಡ್ ಮಾಡಿಕೊಂಡು ಪುಣೆ, ಸೊಲ್ಲಾಪುರ ದಾಟಿ ನಮ್ಮ ಕಡೆ ಹೋಗುವ ಗಾಡಿಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ. ನಿಮ್ಮ ಪತ್ರಿಕೆ ಓದುವವರಲ್ಲಿ ಗಾಡಿ ಮಾಲೀಕರೂ ಇದ್ದಾರೆ. ಇಂಜಿನ್ ಹೀಟ್ ಆದಾಗ ಏನು ಮಾಡಬೇಕು ಅಂತ ಹೇಳುವ ಈ ಪತ್ರ ಅವರಿಗೆ.

ಹೋದ ಮೇ ತಿಂಗಳು ಖಂಡಾಳ ಘಾಟ್‌ನಲ್ಲಿ ಒಂದು ಗಾಡಿ ಹೀಟ್ ಆಗಿ ನಿಂತಿತು. ಡ್ರೈವರ್ ಮಾಲೀಕರಿಗೆ ಫೋನ್ ಮಾಡಿದ. “ನೀರು ಹಾಕ್ಕೊಂಡು ಬಾ, ಪಾರ್ಟಿ ಕಾಯ್ತಾ ಇದೆ” ಅಂದರು. ಪಾರ್ಟಿ ಅಂದರೆ ಸರಕು ತರಿಸಿಕೊಳ್ಳುವವರು. ಕ್ಲೀನರ್ ಹುಡುಗ ಒದ್ದೆ ಗೋಣಿಚೀಲ ಹಿಡಿದು ರೇಡಿಯೇಟರ್ (ಇಂಜಿನ್‌ನ ಬಿಸಿ ನೀರು ತಣಿಸುವ ಜಾಳಿ) ಮುಚ್ಚಳ ತಿರುಗಿಸಿದ. ಕುದಿಯುವ ನೀರು ಕೈ, ಎದೆಗೆ ಹಾರಿತು. ನಾನು ಸಾಮಾನು ತೆಗೆದುಕೊಂಡು ಹೋಗುವಷ್ಟರಲ್ಲಿ ಯಾರೋ ಟೂತ್‌ಪೇಸ್ಟ್ ಬಳಿದಿದ್ದರು. ಅದು ಬೇಡ, ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಬಿಡಬೇಕು, ಆಮೇಲೆ ಆಸ್ಪತ್ರೆ. ಆಗಲೇ ತಡವಾಗಿತ್ತು.

ಆ ಮುಚ್ಚಳ ಬಾಟಲಿ ಬಿರಡೆ ತರ ಅಲ್ಲ. ಅದು ಒಳಗೆ ಪ್ರೆಶರ್ ಹಿಡಿದಿಡುತ್ತದೆ, ಅದಕ್ಕೇ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಪ್ರೆಶರ್ ಹೋಗುತ್ತದೆ, ಒಳಗಿನ ನೀರು ಒಂದೇ ಸಲಕ್ಕೆ ಉಕ್ಕಿ ಆವಿ ಸಮೇತ ಹೊರಗೆ ನುಗ್ಗುತ್ತದೆ. ಗೋಣಿಚೀಲ ಏನು ತಡೆಯುತ್ತದೆ? ಕನಿಷ್ಠ ಅರ್ಧ ಗಂಟೆ ಬಿಡಿ. ಆಮೇಲೆ ಬಟ್ಟೆ ಹಿಡಿದು ಮೇಲಿನ ಹೋಸ್ ಪೈಪ್ ಅಮುಕಿ ನೋಡಿ. ಗಟ್ಟಿ ಇದ್ದರೆ ಇನ್ನೂ ಕಾಯಿರಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಲೇಬೇಡಿ, ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್, ಸೀಳಬಹುದು.

ಇನ್ನೊಂದು ವಿಷಯ ಇಂಜಿನ್ ಬಿಸಿ ತೋರಿಸುವ ಮೀಟರ್ ಮುಳ್ಳಿನದು. ಇದರಲ್ಲಿ ಹಳೇ ಡ್ರೈವರ್‌ಗಳೂ ಮೋಸ ಹೋಗುತ್ತಾರೆ. ಮುಳ್ಳು ಕೆಂಪಿಗೆ ಹೋಗಿ, ಸ್ವಲ್ಪ ಹೊತ್ತಿಗೆ ತಾನಾಗಿ ಕೆಳಗೆ ಇಳಿಯುತ್ತದೆ. “ತಣ್ಣಗಾಯ್ತು ಅಣ್ಣಾ, ಅದಕ್ಕೇ ಓಡಿಸಿದೆ” ಅನ್ನುತ್ತಾರೆ. ತಣ್ಣಗಾಗಿರುವುದಿಲ್ಲ. ಸೆನ್ಸರ್ ಅಳೆಯುವುದು ನೀರಿನ ಬಿಸಿಯನ್ನು. ನೀರೇ ಖಾಲಿಯಾದರೆ ಅದು ಬರೀ ಗಾಳಿಯಲ್ಲಿ ನಿಂತಿರುತ್ತದೆ, ಮುಳ್ಳು ಕೆಳಗೆ ಬರುತ್ತದೆ, ಅತ್ತ ಪಿಸ್ಟನ್ ತಾನು ಓಡುವ ಕೊಳವೆಗೆ, ಅಂದರೆ ಲೈನರ್‌ಗೆ, ಕಚ್ಚಿಕೊಳ್ಳಲು ಶುರುವಾಗಿರುತ್ತದೆ. ಪೈಪ್ ಒಡೆದು ನೀರು ಹೋಗಿದ್ದರೆ ತಕ್ಷಣ ಇಂಜಿನ್ ಬಂದ್ ಮಾಡಬೇಕು. ನೀರು ಇದ್ದೇ ಹೀಟ್ ಆಗಿದ್ದರೆ ಮಾತ್ರ ಪಕ್ಕಕ್ಕೆ ನಿಲ್ಲಿಸಿ ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಓಡಲು ಬಿಡಬೇಕು, ವಾಟರ್ ಪಂಪೂ ಫ್ಯಾನೂ ತಿರುಗುತ್ತಿರಲಿ.

ಈಗ ಕಾರಣ ಹುಡುಕುವ ಮಾತು. ಗಾಡಿ ಬಂದರೆ ನಾನು ಸ್ಪ್ಯಾನರ್ ಮುಟ್ಟುವ ಮುಂಚೆ ಡ್ರೈವರ್‌ನನ್ನು ಕೇಳುತ್ತೇನೆ: ಯಾವಾಗ ಹೀಟ್ ಆಗುತ್ತದೆ ತಮ್ಮಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬಯಲಲ್ಲಿ ಸರಿಯಾಗಿ ಓಡಿ, ಖಂಡಾಳ, ಕಸಾರಾ, ಖಂಬಾಟಕಿ ಘಾಟ್ ಏರುವಾಗ ಅಥವಾ ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಹೀಟ್ ಆದರೆ ಮೊದಲು ಗಾಳಿಯ ದಾರಿ ನೋಡಬೇಕು. ಖೋಪೋಲಿಯಿಂದ ಲೋಣಾವಳಕ್ಕೆ ಐನೂರು ಮೀಟರ್‌ಗಿಂತ ಜಾಸ್ತಿ ಏರಬೇಕು, ಲೋಡ್ ಗಾಡಿ ಸಣ್ಣ ಗೇರ್‌ನಲ್ಲಿ ತೆವಳುತ್ತದೆ, ಎದುರು ಗಾಳಿ ಇರುವುದಿಲ್ಲ, ಎಲ್ಲ ಕೆಲಸ ಫ್ಯಾನ್ ಮಾಡಬೇಕು. ಬೆಲ್ಟ್ ಸಡಿಲ ಇದೆಯಾ ನೋಡಿ. ವಿಸ್ಕಸ್ ಫ್ಯಾನ್ (ಬಿಸಿ ಏರಿದಾಗ ಬಿಗಿಯಾಗಿ ಜೋರು ತಿರುಗುವ ಫ್ಯಾನ್) ಇದ್ದರೆ, ಬಿಸಿ ಇಂಜಿನ್ ಬಂದ್ ಮಾಡಿ ಕೈಯಲ್ಲಿ ತಿರುಗಿಸಿ. ಬಿಗಿ ಇರಬೇಕು. ಗಿರಗಿರ ಸುತ್ತಿದರೆ ಅದು ಕೆಟ್ಟಿದೆ, ಒಳಗಿನ ಸಿಲಿಕೋನ್ ಆಯಿಲ್ ಸೋರಿರಬಹುದು. ತಿರುಗಿಸುವ ಮುಂಚೆ ಕೀ ಕಿತ್ತು ಜೇಬಿಗೆ ಹಾಕಿಕೊಳ್ಳಿ.

ಆಮೇಲೆ ಜಾಳಿ. ರೇಡಿಯೇಟರ್ ಮುಂದೆ ಇಂಟರ್‌ಕೂಲರ್ (ಇಂಜಿನ್‌ಗೆ ಹೋಗುವ ಗಾಳಿ ತಣಿಸುವ ಜಾಳಿ) ಇರುತ್ತದೆ. ಎರಡರ ನಡುವೆ ಧೂಳು, ಆಯಿಲ್ ಜಿಡ್ಡು, ಕಬ್ಬಿನ ಸಿಪ್ಪೆ ಎಲ್ಲ ಸೇರಿ ಕಂಬಳಿ ಹೊದ್ದ ಹಾಗೆ ಕೂತಿರುತ್ತದೆ. ಎದುರಿನಿಂದ ನೋಡಿದರೆ ಫಳಫಳ, ನಡುವೆ ಪೂರಾ ಬಂದ್! ವಾಶಿಂಗ್‌ನವರು ಮುಂದಿನಿಂದ ಜೋರಾಗಿ ನೀರು ಹೊಡೆದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ಎರಡನ್ನೂ ಬೇರೆ ಮಾಡಿ, ಇಂಜಿನ್ ಕಡೆಯಿಂದ ಹೊರಗೆ, ಮೆಲ್ಲಗೆ ನೀರು ಬಿಡಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಡ್ರೈವರ್‌ಗಳಿಗೆ ಇದು ಬೇಕೇ ಬೇಕಿತ್ತು. ಆದರೆ ಎಸಿ ಕಂಡೆನ್ಸರ್ ರೇಡಿಯೇಟರ್ ಮುಂದೆ ಬಂದರೆ ಅದೂ ಒಂದು ಜಾಳಿ, ತೊಳೆಯುವಾಗ ಅದನ್ನೂ ನೋಡಬೇಕು.

ಇದಕ್ಕೆ ಉಲ್ಟಾ, ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಪೀಡ್‌ನಲ್ಲಿ ಓಡುವಾಗಲೇ ಹೀಟ್ ಆದರೆ ನೀರಿನ ಓಟ ಕಡಿಮೆ ಇದೆ. ರೇಡಿಯೇಟರ್ ಒಳಗೆ ಕಟ್ಟಿದೆ, ಅಥವಾ ವಾಟರ್ ಪಂಪ್ ದುರ್ಬಲ ಆಗಿದೆ, ಅಥವಾ ಕೆಳಗಿನ ಹೋಸ್ ಮೆತ್ತಗಾಗಿ ರೇಸ್ ಕೊಟ್ಟಾಗ ಒಳಕ್ಕೆ ಹೀರಿಕೊಳ್ಳುತ್ತಿದೆ. ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಕೆಳಗಿನ ಪ್ಯಾಕಿಂಗ್, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಬರಬೇಕು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಗಟ್ಟಿಯಾದರೆ, ಟ್ಯಾಂಕ್‌ನಲ್ಲಿ ಗುಳ್ಳೆ ನಿಲ್ಲದೆ ಬಂದರೆ ಇಂಜಿನ್ ಒಳಗಿನ ಉರಿದ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಇಜಿಆರ್ ಕೂಲರ್ (ಇಂಜಿನ್‌ಗೆ ವಾಪಸ್ ಬಿಡುವ ಹೊಗೆಯನ್ನು ನೀರಿನಿಂದ ತಣಿಸುವ ಭಾಗ) ಇರುವ ಗಾಡಿಯಲ್ಲಿ ಅದು ಒಳಗೇ ಸೋರಿದರೂ ನೀರು ಕಡಿಮೆಯಾಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಅದನ್ನು ನೋಡದೆ ಹೆಡ್ ಬಿಚ್ಚಲು ಹೋಗಬೇಡಿ.

“ನಮ್ಮಲ್ಲಿ ಹಿಮ ಬೀಳುತ್ತಾ, ಕೂಲೆಂಟ್ ಯಾಕೆ?” ಅಂತ ಮಾಲೀಕರು ಕೇಳುತ್ತಾರೆ. ನೀರಿಗೆ ಬೆರೆಸುವ ಕೂಲೆಂಟ್ ಕುದಿಯುವ ಮಟ್ಟ ಏರಿಸುತ್ತದೆ, ತುಕ್ಕು ತಡೆಯುತ್ತದೆ. ಬೋರ್ ನೀರು ಹಾಕಿದರೆ ಪಾತ್ರೆ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ಇಂಜಿನ್ ಒಳಗೂ ಕಟ್ಟುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಲೈನರ್ ಅದುರುತ್ತಾ ಇರುತ್ತದೆ, ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆ ಎದ್ದು ಒಡೆದು ಕಬ್ಬಿಣವನ್ನೇ ಕೊರೆಯುತ್ತವೆ. ಬರೀ ನೀರಲ್ಲಿ ಓಡಿದ ಲೈನರ್ ಬಿಚ್ಚಿದಾಗ ಸೂಜಿ ಚುಚ್ಚಿದ ಹಾಗೆ ತೂತು ಕಂಡಿದ್ದೇನೆ.

ಥರ್ಮೋಸ್ಟ್ಯಾಟ್ (ಬಿಸಿಯಾದಾಗ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತು ಹಾಕಿಸುವುದನ್ನು ದಯವಿಟ್ಟು ಬಿಡಿ. ಅದು ಸುಮಾರು 80 ಡಿಗ್ರಿಗೆ ತೆರೆಯುತ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ತೆರೆಯುವಾಗಲೇ ರೇಡಿಯೇಟರ್ ತಪ್ಪಿಸಿ ಹೋಗುವ ಬೈಪಾಸ್ ದಾರಿ ಮುಚ್ಚುತ್ತದೆ. ಅದೇ ಇಲ್ಲದಿದ್ದರೆ ಬಿಸಿ ನೀರಿನ ಒಂದು ಭಾಗ ರೇಡಿಯೇಟರ್‌ಗೆ ಹೋಗದೆ ಒಳಗೊಳಗೇ ಸುತ್ತುತ್ತದೆ, ಘಾಟ್‌ನಲ್ಲಿ ಇನ್ನೂ ಜಾಸ್ತಿ ಹೀಟ್. ಕೆಟ್ಟಿದ್ದರೆ ಹೊಸದು ಹಾಕಿಸಿ.

ಮೇ ತಿಂಗಳ ಆ ಗಾಡಿ ನನ್ನ ಗ್ಯಾರೇಜಿಗೇ ಬಂತು. ಇಂಟರ್‌ಕೂಲರ್ ಬಿಚ್ಚಿದೆ, ನಡುವೆ ಒಂದು ಬೆರಳು ದಪ್ಪ ಕೊಳೆ. ತೊಳೆದು ಕೂಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಡ್ರೈವರ್ ಎರಡು ಟ್ರಿಪ್ ಮುಂಚೆಯೇ ಹೇಳಿದ್ದನಂತೆ, “ಘಾಟ್‌ನಲ್ಲಿ ಮುಳ್ಳು ಏರ್ತದ್ರಿ ಸಾಹುಕಾರ್ರ” ಅಂತ. ಆ ಕ್ಲೀನರ್ ಹುಡುಗ ಈಗ ಊರಲ್ಲಿದ್ದಾನೆ, ಬಲಗೈ ಬೆರಳು ಪೂರ್ತಿ ಮಡಚಲು ಬರುವುದಿಲ್ಲ.

ಮಾಲೀಕರೇ, ಡ್ರೈವರ್ ಫೋನ್ ಮಾಡಿದರೆ ಅರ್ಧ ಗಂಟೆ ನಿಲ್ಲು ಅನ್ನಿ, ಪಾರ್ಟಿಗೆ ನೀವೇ ಹೇಳಿ. ಸಂಪಾದಕರೇ, ಸಾಧ್ಯವಾದರೆ ಇದನ್ನು ಫೆಬ್ರವರಿ ಒಳಗೆ ಹಾಕಿ, ಬಿಸಿಲು ಏರುವ ಮುಂಚೆ. ಭಾನುವಾರ ಬೆಳಿಗ್ಗೆ ಗ್ಯಾರೇಜಿಗೆ ಗಾಡಿ ತಂದರೆ ಬೆಲ್ಟ್, ಫ್ಯಾನ್, ಜಾಳಿ ನೋಡಿ ಹೇಳುತ್ತೇನೆ. ನೋಡಲು ದುಡ್ಡು ಬೇಡ.

ಇಂತಿ,
ಕಳಂಬೋಲಿಯ ಒಬ್ಬ ಲಾರಿ ಮಿಸ್ತ್ರಿ