ಶಾಲು ಹೊದಿಸಿದ ಮೇಲೆ

ಪ್ರೀತಿಯ ಗೆಳತಿ,

ನಿನ್ನ ಕಾಗದ ಬಂತು. ಮೊದಲ ಸಂಕಲನಕ್ಕೇ ಬಹುಮಾನ, ಆಗಲೇ ಎರಡನೇ ಮುದ್ರಣ, ವಾರಕ್ಕೊಂದು ಸನ್ಮಾನ. ಓದಿ ತುಂಬಾ ಖುಷಿಯಾಯಿತು. ಕೊನೆಗೆ ಸಣ್ಣಕ್ಷರದಲ್ಲಿ ಬರೆದಿದ್ದೀಯ, ಐದು ತಿಂಗಳಿಂದ ಒಂದು ಪುಟವೂ ಆಗಿಲ್ಲ, ಗೆದ್ದದ್ದೇ ಕೆಡುಕಾಯಿತಾ ಅಂತ.

ಆಗಬಹುದು. ಜನ ಜಂಬದ ವಿಷಯ ಹೇಳಿ ಹೆದರಿಸುತ್ತಾರೆ. ನಿನಗೆ ಜಂಬ ಬರೋದಿಲ್ಲ, ನನಗೆ ಗೊತ್ತು. ನನಗೂ ಬಂದಿರಲಿಲ್ಲ. ನನಗೆ ಹೋಗಿದ್ದು ಕಿವಿ.

ನಮ್ಮ ಸೋದರತ್ತೆ ಅವರೆಕಾಯಿ ಕಾಲದಲ್ಲಿ, ರಾತ್ರಿ ನೆನೆಸಿದ ಕಾಳನ್ನು ಪಡಸಾಲೆಯಲ್ಲಿ ಕೂತು ಹಿತಕುತ್ತಿದ್ದಳು. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಅದರ ಜೊತೆಗೇ ಮಾತು. ಯಾರ ಸೊಸೆ ತವರಿಂದ ವಾಪಸ್ ಬರಲಿಲ್ಲ, ಯಾರು ಸಾಲಕ್ಕೆ ಎಮ್ಮೆ ಮಾರಿದರು. ನನ್ನ ಮೊದಲ ಪುಸ್ತಕದ ಅರ್ಧ ಕತೆ ಹುಟ್ಟಿದ್ದು ಆ ಪಾತ್ರೆ ಪಕ್ಕದಲ್ಲೇ. ಪುಸ್ತಕಕ್ಕೆ ಹೆಸರು ಬಂತು, ಪೇಪರಿನಲ್ಲಿ ಫೋಟೋ ಬಂತು. ಮುಂದಿನ ಸಲ ಹೋದಾಗ ಅತ್ತೆ ಕುರ್ಚಿ ಹಾಕಿದಳು. ಕಾಳು ಮುಟ್ಟಲು ಬಿಡಲಿಲ್ಲ. ಏನೋ ಹೇಳಲು ಹೊರಟವಳು ತಡೆದು, “ಇದನ್ನೂ ಬರೀತೀಯಾ?” ಅಂದಳು. ಆಮೇಲೆ ಬರೀ ಮಳೆ ಬೆಳೆ ಮಾತಾಡಿದಳು.

ಆ ಕುರ್ಚಿಯಿಂದ ಎಷ್ಟು ನಷ್ಟವಾಯಿತು ಅಂತ ತಿಳಿಯಲು ಎರಡು ವರ್ಷ ಬೇಕಾಯಿತು. ಆಗ ಸುಮ್ನೆ ಇರಲಿಲ್ಲ ನಾನು, ಬರೆಯುತ್ತಿದ್ದೆ. ಮೊದಲ ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ ಮುದುಕಿಯೊಬ್ಬಳಿದ್ದಳು. ಅವಳನ್ನೇ ಹೆಸರು ಬದಲಿಸಿ ಇನ್ನೂ ಮೂರು ಕತೆಗಳಲ್ಲಿ ಕೂರಿಸಿದೆ. ಮೂರೂ ಅಚ್ಚಾದವು. ಯಾರೂ ಬೈಯಲಿಲ್ಲ. ಯಾರಾದರೂ ಬೈದಿದ್ದರೆ ಬೇಗ ಎಚ್ಚರವಾಗುತ್ತಿತ್ತೇನೋ.

ಅಮೆರಿಕದ ಹಾರ್ಪರ್ ಲೀ ಅವರ ಮೊದಲ ಕಾದಂಬರಿ ಬಂದದ್ದು 1960ರಲ್ಲಿ. ಮರುವರ್ಷ ಪುಲಿಟ್ಜರ್ ಬಹುಮಾನ, ಅದರ ಮರುವರ್ಷ ಸಿನಿಮಾ. ಎರಡನೆಯದು ಬಂದದ್ದು 2015ರಲ್ಲಿ, ಅದೂ ಮೊದಲನೆಯದಕ್ಕಿಂತ ಮುಂಚೆಯೇ ಬರೆದಿಟ್ಟಿದ್ದ ಹಸ್ತಪ್ರತಿ. ಗೆಲುವೊಂದೇ ಕಾರಣ ಅಂತ ಹೇಳಲಾರೆ. ಆದರೆ ಆ 55 ವರ್ಷ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಕುವೆಂಪು ಅವರನ್ನು ನೋಡು. ‘ಕಾನೂರು ಹೆಗ್ಗಡಿತಿ’ 1936ರದು. ಮುಂದಿನ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ನಡುವೆ ಮಹಾಕಾವ್ಯ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಹುದ್ದೆ, 1964ರಲ್ಲಿ ರಾಷ್ಟ್ರಕವಿ ಬಿರುದು. ಇಷ್ಟೆಲ್ಲ ಹೊತ್ತವರು ಬರೆದ ಆ ಪುಸ್ತಕದಲ್ಲಿ ಮನಸ್ಸಿನಿಂದ ಹೋಗದವನು ಯಾರು? ಒಬ್ಬ ಆಳು, ನಾಯಿಗುತ್ತಿ, ಜೊತೆಗೆ ಅವನ ನಾಯಿ ಹುಲಿಯ. ಗುತ್ತಿ ಬಾಯಿ ತೆರೆದರೆ ಮಲೆನಾಡಿನ ಮಾತು ಹಸಿಹಸಿಯಾಗಿ ಬರುತ್ತದೆ. ಬಿರುದುಗಳು ಆ ಕಿವಿಯನ್ನು ಮುಚ್ಚಿರಲಿಲ್ಲ. ಎದೆಗುಂದಿದಾಗ ನಾನು ಆ ಪುಟಗಳನ್ನೇ ತೆಗೆಯುತ್ತೇನೆ.

ಬಹುಮಾನದ ದುಡ್ಡು ತಗೋ, ಮನೆ ಸಾಲ ತೀರಿಸು. ಅದರಲ್ಲಿ ತಪ್ಪೇನೂ ಇಲ್ಲ. ಸಮಾರಂಭಗಳಿಗೆ ಮಾತ್ರ ಆರು ತಿಂಗಳು ಬರೋದಿಲ್ಲ ಅಂದುಬಿಡು. ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಬೇರೆಯವರ ಪುಸ್ತಕಕ್ಕೆ ಮುನ್ನುಡಿ ಬರೆಯೋಕೂ ನಿನಗಿನ್ನೂ ವಯಸ್ಸಾಗಿಲ್ಲ.

ನಾನು ಮತ್ತೆ ಅತ್ತೆ ಮನೆಗೆ ಹೋದೆ. ಕುರ್ಚಿ ಸರಿಸಿ ನೆಲದ ಮೇಲೆ ಕೂತು ಕಾಳು ಹಿತಕಿದೆ. ಎರಡು ದಿನ ಅವಳು ಜಾಸ್ತಿ ಮಾತಾಡಲಿಲ್ಲ. ಮೂರನೇ ದಿನ ನನ್ನ ಬೆರಳ ತುದಿ ಸುಕ್ಕಾಗಿ ಬೆಳ್ಳಗಾಗಿತ್ತು. ಅವಳು ಪಾತ್ರೆ ನೋಡುತ್ತಲೇ, “ಕೆಳಗಿನ ಮನೆಯವಳು ಏನ್ ಮಾಡಿದ್ಲು ಗೊತ್ತಾ” ಅಂದಳು.

ನೀನು ಗಾರ್ಮೆಂಟ್ಸ್ ಹೆಂಗಸರ ಜೊತೆ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದೆ ಅಲ್ವಾ? ನಿನ್ನ ಒಳ್ಳೊಳ್ಳೆ ಸಾಲುಗಳೆಲ್ಲ ಅಲ್ಲಿಂದಲೇ ಬಂದವು. ಈಗ ಕ್ಯಾಬಿನಲ್ಲಿ ಓಡಾಡುತ್ತೀಯ ಅಂತ ಕೇಳಿದೆ. ಆ ಬಸ್ಸು ಈಗಲೂ ಆರೂವರೆಗೇ ಬರುತ್ತದಾ? ಹತ್ತಿ ನೋಡಿ ನನಗೆ ಬರಿ.

ನಿನ್ನ ಹಿರಿಯ ಸ್ನೇಹಿತ